ಎಪ್ಪತ್ತೈದರವರೆಗಿನ ಭಾಗಾಕಾರ

ರಹಿಮಾನಸಾಬ ಬೈಲಹೊಂಗಲ ಡಿಪೋದ ಡ್ರೈವರ್. ನಾನು ಸದಾಶಿವ, ಅವನ ಕಂಡಕ್ಟರ್. ದೊಡವಾಡದ ಮೇಲೆ ಧಾರವಾಡಕ್ಕೆ ಹನ್ನೆರಡು ವರ್ಷ ಒಂದೇ ಗಾಡಿಯಲ್ಲಿ ತಿರುಗಿದವರು. ಅವನಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ೧೯೯೪ರಲ್ಲಿ ನಿವೃತ್ತನಾದಾಗ ಕೈಗೆ ಬಂದದ್ದು ಎರಡು ಲಕ್ಷ ನಾಲ್ಕು ಸಾವಿರ. ಪಿಂಚಣಿ ಇಲ್ಲ. ಠೇವಣಿ ಇಟ್ಟು ಬಡ್ಡಿಯಲ್ಲಿ ಬದುಕು ಎಂದೆ.

"ಬಡ್ಡಿ ರೊಕ್ಕ ನನ್ನ ಮನಿಗೆ ಬ್ಯಾಡ. ಗಂಟು ಕರಗಿಸಿಕೊಂತ ತಿಂತೇನಿ. ತಿಂಗಳಿಗೆ ಎಷ್ಟ ತಗೀಲಿ, ಅದನ್ನ ಹೇಳು."

"ಎಷ್ಟ ವರ್ಷಕ್ಕ ಹಿಡೀಲಿ?"

"ನಮ್ಮಪ್ಪ ಎಪ್ಪತ್ತೈದಕ್ಕ ಹೋದ. ಅಷ್ಟ ಹಿಡಿ."

ಆಗ ಅವನಿಗೆ ಐವತ್ತೆಂಟು. ಹದಿನೇಳು ವರ್ಷ, ಅಂದರೆ ಇನ್ನೂರ ನಾಲ್ಕು ತಿಂಗಳು. ತಿಂಗಳಿಗೆ ಸರಿಯಾಗಿ ಸಾವಿರ ರೂಪಾಯಿ. ಚಿಲ್ಲರೆ ಕೂಡ ಉಳಿಯಲಿಲ್ಲವೆಂದು ನಾನು ಬೀಗಿದೆ. ಮಗಳು ಮೆಹೆರಾಜ ಮದುವೆಯಾಗಿ ಸವದತ್ತಿಗೆ ಹೋಗಿದ್ದಳು. ಮನೆಯಲ್ಲಿ ಅವನು ಮತ್ತು ಹೆಂಡತಿ ನೂರಬಿ, ಇಬ್ಬರೇ. ಖಾತೆಗೆ ಬೀಳುವ ಚೂರುಪಾರು ಬಡ್ಡಿಯನ್ನು ಬಡವರಿಗೆ ಹಂಚಿಬಿಡುತ್ತಿದ್ದ.

ದರ ಏರುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಟಿಕೆಟ್ ದರ ಏರಿದಾಗಲೆಲ್ಲ ಜನರಿಂದ ಉಗಿಸಿಕೊಂಡವನು ನಾನು, ನನಗಾದರೂ ಹೊಳೆಯಬೇಕಿತ್ತು. ತೊಂಬತ್ತೆಂಟರಲ್ಲಿ ಉಳ್ಳಾಗಡ್ಡಿ ಕೈಗೆ ಸಿಗದಂತಾದಾಗ ಪಾಸ್‌ಬುಕ್ ಹಿಡಿದು ಬಂದ. ಉಳಿದದ್ದು ಒಂದು ಲಕ್ಷ ಐವತ್ತಾರು ಸಾವಿರ. ತಿಂಗಳಿಗೆ ಸಾವಿರದ ಮುನ್ನೂರು ತೆಗೆದರೆ ಎಪ್ಪತ್ತೆರಡಕ್ಕೇ ಮುಗಿಯುತ್ತದೆ ಎಂದೆ.

"ಮೂರು ವರ್ಷ ಹೋತಲ್ಲೋ!" ಎಂದು ನಕ್ಕ. "ಹೋಗಲಿ ಬಿಡು. ಆ ವಯಸ್ಸಿನ್ಯಾಗ ಕೆಮ್ಮಿಕೊಂತ ಕುಂದ್ರೂದು ಬಿಟ್ರ ಇನ್ನೇನೈತಿ?"

ನಾನೂ ನಕ್ಕೆ. ಈಗ ಆ ನಗು ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

೨೦೦೩ರಲ್ಲಿ ಅವನೇ ಮನೆಗೆ ಕರೆಸಿದ. ಎಣ್ಣೆ, ಬೇಳೆ, ಅವನ ಸಕ್ಕರೆ ಕಾಯಿಲೆಯ ಗುಳಿಗೆ, ಯಾವುದೂ ಸಾವಿರದ ಮುನ್ನೂರಕ್ಕೆ ಬಗ್ಗುತ್ತಿರಲಿಲ್ಲ. ಎರಡು ಸಾವಿರವಾದರೂ ಬೇಕಿತ್ತು. ಉಳಿದದ್ದು ಎಪ್ಪತ್ತೆಂಟು ಸಾವಿರ. ಮೂವತ್ತೊಂಬತ್ತು ತಿಂಗಳು.

"ಎಪ್ಪತ್ತಕ್ಕ ಮುಗೀತಿ," ಎಂದೆ.

"ಸಾಕ ಬಿಡು ನನಗ," ಎಂದ ಅವನು.

ಚಹಾ ತಂದ ನೂರಬಿ ಅಲ್ಲಿಯೇ ಕುಳಿತಳು. ಅವನಿಗಿಂತ ಹದಿಮೂರು ವರ್ಷ ಚಿಕ್ಕವಳು.

"ನಿಮಗ ಸಾಕರಿ. ಆವಾಗ ನನಗ ಐವತ್ತೇಳು. ನಾನೂ ಎಪ್ಪತ್ತೈದರ ತನಕ ಇದ್ರ ಏನ್ ತಿನ್ಲಿ? ಅಳಿಯನ ಬಾಗಲಾಗ ಹೋಗಿ ನಿಂದ್ರಲೇನು?"

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ದಿನಾ ಬಸ್ಸಿನಲ್ಲಿ ತಲೆ ಎಣಿಸುತ್ತಿದ್ದವನು, ಆ ಮನೆಯಲ್ಲಿ ಎರಡು ತಲೆಗಳಿವೆ ಎಂಬುದನ್ನು ಒಮ್ಮೆಯೂ ಎಣಿಸಿರಲಿಲ್ಲ. ನೂರಬಿ ನನ್ನ ಕಡೆ ತಿರುಗಿದಳು.

"ಸದಾಶಿವಣ್ಣಾ, ಇದ್ದದ್ದನ್ನ ನನ್ನ ಎಪ್ಪತ್ತೈದಕ್ಕ ಹಿಡದು ಹೇಳ್ರಿ."

ಇಪ್ಪತ್ತೊಂದು ವರ್ಷ, ಇನ್ನೂರ ಐವತ್ತೆರಡು ತಿಂಗಳು. ತಪ್ಪಿರಲಿ ಎಂದು ಬೇಡಿಕೊಳ್ಳುತ್ತ ಎರಡು ಸಲ ಭಾಗಿಸಿದೆ.

"ಮುನ್ನೂರ ಒಂಬತ್ತು ರೂಪಾಯಿ."

ಆಗ ಗ್ಯಾಸ್ ಸಿಲಿಂಡರೊಂದಕ್ಕೇ ಇನ್ನೂರ ನಲವತ್ತರ ಮೇಲಿತ್ತು. ರಹಿಮಾನಸಾಬ ಪಾಸ್‌ಬುಕ್ಕನ್ನು ಮೆಲ್ಲಗೆ ಹೆಂಡತಿಯ ಕಡೆ ಸರಿಸಿದ.

"ಇನ್ನ ಮ್ಯಾಲ ನೀನ ತಗಿ. ನೀನ ನಡಸು."

ನೂರಬಿ ಅದನ್ನು ಮುಟ್ಟಲಿಲ್ಲ.

"ಎರಡ ಲಕ್ಷ ಇದ್ದಾಗ ನನ್ನನ್ನ ಒಂದ ಮಾತ ಕೇಳಲಿಲ್ಲ," ಎಂದಳು. "ಈಗ ಕೊಡಾಕ ಹತ್ತೀರೇನ್ರಿ?"