ಸ್ಟಾರ್ಟರ್‌ನೊಳಗೆ ಉಳಿದ ತುಂಡು ವೈರು

೧೯೯೮ರಲ್ಲಿ ಹಾನುಬಾಳಿನಲ್ಲಿ ನನಗೊಂದು ಮೋಟರ್ ರಿಪೇರಿ ಅಂಗಡಿ ಇತ್ತು. ಸುತ್ತಲಿನ ತೋಟಗಳ ಪಂಪ್‌ಸೆಟ್, ಪಲ್ಪರ್‌ಗಳ ವೈರಿಂಗ್ ನನ್ನ ಕೆಲಸ. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಕುಯ್ದ ಹಣ್ಣನ್ನು ಅದೇ ದಿನ ಸುಲಿಯದಿದ್ದರೆ ಹುಳಿಯುತ್ತದೆ. ಹಾಗಾಗಿ ಹಂಗಾಮಿನಲ್ಲಿ ನನಗೆ ಊಟಕ್ಕೂ ಪುರಸೊತ್ತಿರುತ್ತಿರಲಿಲ್ಲ.

ದೊಡ್ಡ ಎಸ್ಟೇಟಿನವರಿಗೆ ಯಂತ್ರಕ್ಕೊಂದು ಮೋಟರ್. ಪುಟ್ಟೇಗೌಡರಂಥ ನಾಲ್ಕೆಕರೆಯವರಿಗೆ ಎಲ್ಲಕ್ಕೂ ಒಂದೇ. ಬೇಸಿಗೆಯಲ್ಲಿ ಹಳ್ಳದಿಂದ ನೀರೆತ್ತುವ ಮೂರು ಎಚ್‌ಪಿ ಮೋಟರನ್ನೇ ಜನವರಿಯಲ್ಲಿ ಬಿಚ್ಚಿ ತಂದು ಪಲ್ಪರ್‌ಗೆ ಬೆಲ್ಟ್ ಹಾಕುವುದು. ಸ್ಟಾರ್ಟರ್, ಮೇನ್ ಸ್ವಿಚ್ ಇದ್ದ ಹಲಗೆಯೂ ಅದರ ಜೊತೆಗೇ ಬರುತ್ತಿತ್ತು.

ಆ ವರ್ಷವೂ ಹಾಗೇ ತಂದು ಜೋಡಿಸಿದೆ. ಮೇನ್ ಹಾಕಿದರೆ ಪಲ್ಪರ್ ಉಲ್ಟಾ ತಿರುಗಿತು. ಗೌಡರ ಹೆಂಡತಿ ಜಯಮ್ಮ ನಕ್ಕರು.

“ಯಾಕಣ್ಣ, ವಾಪಸ್ ಹಳ್ಳದ ಕಡೀಕೇ ಹೊರಟ್‌ಬುಡ್ತಾ ಇದು?”

“ತವರು ನೆನಪಾಗೈತೆ ಅಕ್ಕ, ತಡೀರಿ” ಎಂದು ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದೆ. ಸರಿಯಾಯಿತು. ಅರ್ತಿಂಗ್ ನೋಡಿದೆ, ಬೆಲ್ಟ್ ಬಿಗಿ ಮಾಡಿದೆ. ಸ್ವಿಚ್ ಹಾಕುವುದನ್ನು ಗೌಡರಿಗೆ ತೋರಿಸಿ ಮಧ್ಯಾಹ್ನದ ಬಸ್ ಹತ್ತಿದೆ.

ಎರಡು ಮೈಲಿ ಬಂದಿರಬೇಕು. ಸ್ಟಾರ್ಟರಿನ ಹಸಿರು ಗುಂಡಿ ಒತ್ತದೆಯೇ ಮೋಟರ್ ಓಡಿತಲ್ಲ ಎಂದು ತಟ್ಟನೆ ಹೊಳೆಯಿತು. ಸ್ಟಾರ್ಟರಿನ ಗುಣವೇ ಬೇರೆ. ಕರೆಂಟ್ ಹೋದರೆ ಅದರೊಳಗಿನ ಸಂಪರ್ಕ ಬಿಟ್ಟುಕೊಳ್ಳುತ್ತದೆ. ಮತ್ತೆ ಬಂದಾಗ ಯಾರಾದರೂ ಹಸಿರು ಗುಂಡಿ ಒತ್ತುವ ತನಕ ಮೋಟರ್ ಸುಮ್ಮನಿರುತ್ತದೆ. ಆದರೆ ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಕರೆಂಟಿಗಾಗಿ ಹಳ್ಳದ ತನಕ ಓಡಾಡುವುದು ಯಾರಿಗೂ ಬೇಡ. ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಗೌಡರು ಕೇಳಿದರೆಂದು ನಾನೇ ಒಳಗೆ ಗೇಣುದ್ದದ ವೈರೊಂದನ್ನು ಜೋಡಿಸಿ ‘ಆಟೋ’ ಮಾಡಿದ್ದೆ. ಕರೆಂಟ್ ಬಂದರೆ ಮೋಟರ್ ತಾನೇ ಹೊರಡುತ್ತದೆ. ನೀರಿಗೆ ಅದು ಅನುಕೂಲ. ಮನುಷ್ಯರು ಕೈ ಹಾಕುವ ಯಂತ್ರಕ್ಕೆ ಅದು ಇರಲೇಬಾರದು.

ಇಳಿದುಬಿಡಲೆಂದು ಎದ್ದು ನಿಂತೆ. ಮುಂದಿನ ಬಸ್ಸು ಸಂಜೆಗೆ. ನಾಳಿದ್ದು ಇದೇ ದಾರಿಯಲ್ಲಿ ಬರುವುದಿದೆಯಲ್ಲ ಎಂದುಕೊಂಡು ಮತ್ತೆ ಕೂತೆ.

ಮರುದಿನ ಬೆಳಿಗ್ಗೆ ಗೌಡರು ಸ್ವಿಚ್ ಹಾಕಿ ಕಣದ ಕಡೆ ಹೋಗಿದ್ದರು. ಜಯಮ್ಮ ಹಣ್ಣು ಸುರಿಯುತ್ತಿದ್ದರು. ಕರೆಂಟ್ ಹೋಯಿತು. ಯಂತ್ರದ ಬಾಯಲ್ಲಿ ಹಣ್ಣು ಕಚ್ಚಿಕೊಂಡಿತ್ತು. ಬಿಡಿಸಲು ಕೈ ಹಾಕಿದರು. ಕರೆಂಟ್ ಬಂತು.

ಹಾಸನದ ಆಸ್ಪತ್ರೆಗೆ ನಾನು ಹೋಗುವಷ್ಟರಲ್ಲಿ ಬಲಗೈಯ ನಾಲ್ಕು ಬೆರಳು ತೆಗೆದಾಗಿತ್ತು. ಗೌಡರು ಮಂಚದ ಪಕ್ಕ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ನೋಡು ಮಾರಾಯ, ಮಿಶೀನಿಗೆ ಯಾರಾದ್ರೂ ಕೈ ಹಾಕ್ತಾರಾ? ಬುದ್ಧಿ ಬ್ಯಾಡ್ವಾ?”

ಜಯಮ್ಮ ಮೆಲ್ಲಗೆ ಹೇಳಿದರು: “ಎಸ್ಟೇಟಿನ ಪಲ್ಪರ್ ಮನೇಲಿ ಎಂಟು ವರ್ಷ ದುಡಿದಿವ್ನಿ. ಕರೆಂಟ್ ಹೋಗಿ ಬಂದ್ರೆ ಗುಂಡಿ ಒತ್ತೋಗಂಟ ಅದು ಅಲ್ಲಾಡಲ್ಲ. ಇದ್ಯಾಕೆ ತಿರುಗ್ತು?”

“ಸುಮ್ನಿರೇ. ಕರೆಂಟ್ ಬಂದ್ರೆ ತಿರುಗ್ದೆ ಇನ್ನೇನ್ ಮಾಡ್ತೈತೆ?”

ಜಯಮ್ಮ ನನ್ನ ಮುಖ ನೋಡಿದರು. ಉತ್ತರ ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ತಂದಿದ್ದ ಕಿತ್ತಳೆ ಹಣ್ಣನ್ನು ಸ್ಟೂಲಿನ ಮೇಲಿಟ್ಟು ಹೊರಗೆ ಬಂದೆ.

ಇಪ್ಪತ್ತೆರಡು ದಿನ ಹೀಗೇ ಕಳೆಯಿತು. ಹಾನುಬಾಳಿನ ಅಂಗಡಿಗಳಲ್ಲೂ ಅದೇ ಮಾತು: ಹೆಂಗಸಿಗೆ ಅವಸರ ಜಾಸ್ತಿ, ಕೈ ಕಳ್ಕೊಂಡ್ಳು. ಇಪ್ಪತ್ತಮೂರನೆಯ ದಿನ ಅವರ ಮನೆಗೆ ಹೋಗಿ, ಮೇನ್ ತೆಗೆದು, ಗಂಡಹೆಂಡಿರ ಎದುರಿಗೇ ಸ್ಟಾರ್ಟರ್ ಬಿಚ್ಚಿದೆ. ವೈರು ಕಿತ್ತು ಗೌಡರ ಅಂಗೈ ಮೇಲಿಟ್ಟು, ಬಸ್ಸಿನಲ್ಲಿ ಎದ್ದು ನಿಂತು ಕೂತದ್ದನ್ನೂ ಸೇರಿಸಿ ಎಲ್ಲ ಹೇಳಿದೆ.

ಗೌಡರು ಹೊಡೆಯುತ್ತಾರೆಂದುಕೊಂಡಿದ್ದೆ. ಅವರು ವೈರನ್ನು ನೋಡುತ್ತಲೇ ಕೂತರು. ‘ಆಟೋ’ ಕೇಳಿದ್ದು ಅವರಿಗೂ ನೆನಪಾಗಿತ್ತು. ಜಯಮ್ಮನವರ ಕಣ್ಣಲ್ಲಿ ನೀರು ಬಂದದ್ದು ಆಗಲೇ.

“ಹಂಗಾರೆ ನಾನು ತಿಳಿದಿದ್ದು ಸರಿಯಾಗೇ ಇತ್ತು, ಅಲ್ವೇನಣ್ಣ? ಎಲ್ರೂ ಅಂದೂ ಅಂದೂ, ನಂಗೇ ಬುದ್ಧಿ ಇಲ್ಲ ಅಂತ ನಂಬ್‌ಬುಟ್ಟಿದ್ದೆ. ಆವತ್ತು ಆಸ್ಪತ್ರೇಲೇ ಹೇಳ್‌ಬೌದಿತ್ತು ನೀನು.”

ಸ್ಟಾರ್ಟರಿನ ಮುಚ್ಚಳ ಹಾಕಿ ತಿರುಪು ಬಿಗಿದೆ.

ಮೋಟರ್ ಓಡಿಸಿ ತೋರಿಸಿದರೆ ಕೆಲಸ ಮುಗಿಯಿತೆಂದು ಅಲ್ಲಿಯ ತನಕ ತಿಳಿದಿದ್ದೆ. ಈಗ ಸ್ವಿಚ್ ಹಾಕುವ ಯಜಮಾನರ ಜೊತೆ ಯಂತ್ರಕ್ಕೆ ಕೈ ಹಾಕುವವರನ್ನೂ ಕರೆಯುತ್ತೇನೆ. ಅವರೆದುರು ಮೇನ್ ತೆಗೆದು ಮತ್ತೆ ಹಾಕಿ, ಯಂತ್ರ ಸುಮ್ಮನೆ ನಿಂತಿರುವುದನ್ನು ತೋರಿಸುತ್ತೇನೆ. ತಪ್ಪು ಕಂಡ ದಿನವೇ ಬಾಯಿಬಿಟ್ಟು ಹೇಳುವುದನ್ನೂ ಕಲಿತಿದ್ದೇನೆ. ಎರಡನ್ನೂ ಕಲಿಸಿದ ಮನೆಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ.

ಮುಂದಿನ ಹಂಗಾಮಿಗೂ ಅವರು ನನ್ನನ್ನೇ ಕರೆಸಿದರು. ಗೌಡರು ಹಣ್ಣು ಸುರಿಯುತ್ತಿದ್ದರು. ಜಯಮ್ಮ ಹಲಗೆಯ ಪಕ್ಕ, ಎಡಗೈಯನ್ನು ಮೇನ್ ಸ್ವಿಚ್ಚಿನ ಮೇಲಿಟ್ಟು ನಿಂತಿದ್ದರು.

“ಆ ವೈರು ಈಗಿಲ್ಲ ಅಕ್ಕ, ಕೂತ್ಕೊಳಿ” ಎಂದೆ.

“ಗೊತ್ತು ಕಣಣ್ಣ” ಎಂದರು. ಕೈ ತೆಗೆಯಲಿಲ್ಲ.