ಇಂಜಿನ್ನಿಗೆ ಹೋದ ನಮ್ಮ ಓಣಿಯ ಪಾಳಿ

ಹೊಗೆ ನೋಡಿ ಅಳುವ ಗಂಡಸರನ್ನು ನಾನು ಮುದುಕಿಯಾದ ಮೇಲೆ ಕಂಡೆ. ಚಿತೆಯ ಹೊಗೆಯಲ್ಲ, ರೈಲಿನ ಇಂಜಿನ್ನಿನ ಹೊಗೆ. ಕಲ್ಲಿದ್ದಲು ತಿಂದು, ನೀರು ಕುಡಿದು ಓಡುತ್ತಿದ್ದ ಕರಿ ಇಂಜಿನ್‌ಗಳು ನಿಂತುಹೋಗಿ ಎಷ್ಟೋ ಕಾಲವಾಯಿತು. ಅವುಗಳಲ್ಲಿ ಕೆಲವನ್ನು ತಿಕ್ಕಿ ತೊಳೆದು, ಬಣ್ಣ ಬಳಿದು, ಆಗೊಮ್ಮೆ ಈಗೊಮ್ಮೆ ಹೊರಗೆ ತಂದು ಓಡಿಸುತ್ತಾರೆ. ಅದರ ಹಿಂದೆ ಕೂತು ಒಂದು ಊರಿಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ತಿರುಗಿ ಬರುವುದಕ್ಕೆ ದೂರದೂರದಿಂದ ಜನ ಬರುತ್ತಾರೆ. ಇಂಥದ್ದೊಂದು ಉಂಟು ಎಂದು ನನಗೆ ಹೇಳಿದವರು ಒಬ್ಬ ನಿವೃತ್ತ ಮಾಸ್ತರರು. ಒಂದು ವರ್ಷ ಅವರು ನನ್ನ ಮನೆಯ ಚಹಾ ಕುಡಿದರು. ಆಮೇಲೆ ನಮ್ಮ ಓಣಿಯ ನೀರನ್ನು ಇಂಜಿನ್ನಿಗೆ ಕುಡಿಸಿದರು.

ನಮ್ಮ ಓಣಿ ಬೀದರ ಸ್ಟೇಷನ್ನಿನ ಹಿಂಬದಿಗೆ, ಹಳಿಯ ಪಕ್ಕದ ಗೋಡೆಗೆ ಹತ್ತಿಕೊಂಡೇ ಇದೆ. ನನ್ನ ಗಂಡ ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿ ಮೂಟೆ ಹೊರುತ್ತಿದ್ದ. ಮೊದಲು ಬೆನ್ನು ಹೋಯಿತು, ಆಮೇಲೆ ಅವನೂ ಹೋದ. ಹರೆಯದಲ್ಲಿ ನಾವು ಔರಾದ ಕಡೆಯ ಹಳ್ಳಿಯವರು. ದೊಡ್ಡ ಬರ ಬಿದ್ದಾಗ ಭಾಲ್ಕಿಯವರೆಗೆ ನಡೆದು ಬಂದು, ಅಲ್ಲಿಂದ ರೈಲು ಹತ್ತಿ ಹೈದರಾಬಾದಿಗೆ ಕಲ್ಲು ಒಡೆಯಲು ಹೋಗಿದ್ದೆವು. ಈ ಸಂಗತಿ ಯಾರೋ ಮಾಸ್ತರರ ಕಿವಿಗೆ ಹಾಕಿದರು. ಅವರು ಹುಡುಕಿಕೊಂಡು ಬಂದರು. ಮೊಬೈಲನ್ನು ನನ್ನ ಮುಂದೆ ಇಟ್ಟು ಕೂತರು.

“ಆಯಿ, ಆ ಇಂಜಿನ್ ಸೀಟಿ ಹ್ಯಾಂಗಿತ್ತು ಹೇಳ್ರಿ.”

“ಸೀಟಿ ಇದ್ದಂಗೇ ಇತ್ತು. ಕಿವಿ ಹರೀತಿತ್ತು.”

“ಕೇಳಿದ್ರ ಮೈ ಜುಮ್ ಅಂತಿರಲಿಲ್ಲೇನ್ರಿ?”

“ಹಸದಾಗ ಎಲ್ಲಾನೂ ಜುಮ್ ಅಂತದ್ರಿ ಮಾಸ್ತರ.”

ಅವರು ನಕ್ಕರು. ನಾನು ಇದ್ದದ್ದನ್ನು ಹೇಳಿದೆ. ಭಾಲ್ಕಿ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ನೀರು ಬಿಡುವ ದಪ್ಪ ಕೊಳವೆ ಇತ್ತು, ಅದರ ಬಾಯಿಂದ ಸೋರಿದ್ದನ್ನು ಹಿಡಿಯಲು ಹೆಂಗಸರು ಪಾತ್ರೆ ಹಿಡಿದು ಓಡುತ್ತಿದ್ದೆವು, ಒಬ್ಬ ಕೋಲು ಹಿಡಿದು ನಮ್ಮನ್ನು ಅಟ್ಟುತ್ತಿದ್ದ, ಕಿಟಕಿಯಿಂದ ಹಾರಿಬಂದ ಕೆಂಡದ ಚೂರು ನನಗೆ ಇದ್ದ ಒಂದೇ ಸೀರೆಯನ್ನು ಸುಟ್ಟಿತು ಎಂದೆ. ಮಾಸ್ತರರಿಗೆ ಕೆಂಡದ ಚೂರು ಬಹಳ ಹಿಡಿಸಿತು. “ಏನ್ ಚಂದ!” ಎಂದರು. ಸೀರೆ ಏನಾಯಿತು ಎಂದು ಕೇಳಲಿಲ್ಲ.

ಆದರೂ ನನಗೆ ಅವರ ಮೇಲೆ ನಂಬಿಕೆ ಬಂತು. ಕಾರಣ ಹೇಳುತ್ತೇನೆ. ನನ್ನ ಕಾಲದಲ್ಲಿ ಅವರ ಜಾತಿಯವರು ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಬಾವಿಯಿಂದ ನಮ್ಮನ್ನು ದೂರ ನಿಲ್ಲಿಸಿ ಮೇಲಿಂದ ಸುರಿಯುತ್ತಿದ್ದರು. ಇವರು ಮೊದಲ ದಿನವೇ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, “ಆಯಿ, ಒಂದು ತಂಬಿಗಿ ನೀರು ಕೊಡ್ರಿ” ಎಂದು ಕೇಳಿ, ಎತ್ತಿ ಹೊಯ್ದುಕೊಳ್ಳದೆ ಕಚ್ಚಿ ಕುಡಿದರು. ಒಬ್ಬ ಮನುಷ್ಯನನ್ನು ತೂಗಲು ನನಗೆ ಅಷ್ಟು ಸಾಕಾಗಿತ್ತು. ಅಷ್ಟು ಸಾಲದು ಎಂದು ಈಗ ಗೊತ್ತಾಗಿದೆ.

ಆ ವರ್ಷವೂ ಬರವೇ. ಔರಾದ, ಭಾಲ್ಕಿ ಕಡೆಯಿಂದ ಮತ್ತೆ ಜನ ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ಬರುತ್ತಿದ್ದರು. ನಮ್ಮ ಓಣಿಯ ನಲ್ಲಿ ಗಾಳಿ ಬಿಡುತ್ತಿತ್ತು. ವಾರಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಅದು ಬರುವ ದಿನ ಬೆಳಗಿನಿಂದಲೇ ಕೊಡಗಳನ್ನು ಸಾಲಾಗಿ ಇಡುವುದು, ಸಾಲು ಮುರಿದವರಿಗೆ ಬೈಯುವುದು, ಯಾರ ಪಾಳಿ ಎಲ್ಲಿ ಎಂದು ತೀರ್ಮಾನಿಸುವುದು ನನ್ನ ಕೆಲಸ. ಯಾರೂ ನೇಮಿಸಿದ್ದಲ್ಲ. ನನ್ನ ಬಾಯಿ ದೊಡ್ಡದು, ನನ್ನ ಕೊಡ ಯಾವತ್ತೂ ಕಡೆಗೆ ಇರುತ್ತಿತ್ತು, ಅದಕ್ಕೆ.

ಓಣಿಗೆ ಇನ್ನೊಂದು ಪದ್ಧತಿ ಇತ್ತು. ಯಾರ ಮನೆಯಲ್ಲಾದರೂ ಮದುವೆಯೋ ಸಾವೋ ಆದರೆ ಓಣಿಯೆಲ್ಲ ತನ್ನ ಪಾಳಿ ಬಿಟ್ಟು ಇಡೀ ಟ್ಯಾಂಕರ್ ಆ ಮನೆಗೆ ಕೊಡಬೇಕು. ಹಿಂದೂ, ಮುಸಲ್ಮಾನ, ನಾವು, ಎಲ್ಲರಿಗೂ ಒಂದೇ. ಓಣಿಯವರು ಒಪ್ಪಿದ ಮೇಲೆ ಟ್ಯಾಂಕರಿನವನಿಗೆ ಹೇಳುವವಳು ನಾನು. ನನ್ನ ಮಾತು ಬಂದರೆ ಅವನು ಮರುಮಾತಿಲ್ಲದೆ ಗಾಡಿ ತಿರುಗಿಸುತ್ತಿದ್ದ.

ಇದನ್ನೂ ಮಾಸ್ತರರಿಗೆ ಹೇಳಿದ್ದೆ.

“ಅಂದ್ರ ಆಯಿ ಅಂದ್ರ ಮುಗೀತು!” ಎಂದಿದ್ದರು.

“ಆಯಿ ಅಲ್ರಿ, ಓಣಿ ಅಂದ್ರ ಮುಗೀತು. ನಾ ಬರೀ ಬಾಯಿ.”

ಬೇಸಿಗೆ ಏರುವಾಗ ಅವರು ಕುಣಿಯುತ್ತಾ ಬಂದರು. ಕರಿ ಇಂಜಿನ್ ಬೀದರಕ್ಕೆ ಬರುತ್ತದಂತೆ, ಭಾಲ್ಕಿಗೆ ಹೋಗಿ ತಿರುಗಿ ಬರುತ್ತದಂತೆ, ಇಂಜಿನ್ ಪ್ರೇಮಿಗಳ ಗುಂಪಿನಲ್ಲಿ ಎಲ್ಲ ಏರ್ಪಾಟು ಅವರದೇ ಅಂತೆ.

“ನೀವು ಮುಂದಿನ ಡಬ್ಬಿಯೊಳಗ ಕೂಡ್ರಬೇಕ್ರಿ ಆಯಿ. ಅವತ್ತು ಹಸದು ಹೋದ್ರಿ, ಇವತ್ತು ಹಾರ ಹಾಕ್ಕೊಂಡು ಹೋಗ್ರಿ.”

“ಹಾರ ಇರ್ಲಿ. ಆ ಹೆಣಾ ಬಾಳ ಕುಡಿತದ. ನೀರು ಎಲ್ಲಿಂದ?”

“ಹೊರಗಿಂದ ತರಸ್ಲಕತ್ತೀವಿ. ಬಂದೋಬಸ್ತ್ ಆಗ್ಯಾದ. ನಿಮ್ಮ ಓಣಿದು ಒಂದು ತಂಬಿಗಿ ನೀರಿಗೂ ಕೈ ಹಚ್ಚಂಗಿಲ್ಲ. ನಿಮ್ಮ ಕಾಲಿನ ಆಣಿ.”

ಓಣಿಯವರಿಗೆ ಇದೇ ದಿಗಿಲಿತ್ತು. ಎದುರು ಮನೆಯ ಬೀ, ಹೊಲಿಗೆ ಮಾಡುವವಳು, ನನ್ನ ಗೆಳತಿ, ಆವತ್ತೇ ಕೇಳಿದಳು. “ಖಾಲಾ, ಇಂಜನ್‌ದು ಹೊಟ್ಟಿ ದೊಡ್ಡದಂತ. ನಮ್ ಟ್ಯಾಂಕರ್ ಮ್ಯಾಲ ಕಣ್ಣು ಹಾಕಲ್ಲ ಹೌದಿಲ್ಲೋ?”

“ಇಲ್ಲ. ಮಾಸ್ತರ ಆಣಿ ಮಾಡ್ಯಾರ. ನಾ ಹೇಳ್ತೇನಿ” ಎಂದೆ. ಓಣಿ ಸುಮ್ಮನಾಯಿತು.

ಇಂಜಿನ್ ಹೊರಡುವ ದಿನವೂ ಟ್ಯಾಂಕರ್ ಬರುವ ದಿನವೂ ಒಂದೇ ಆಯಿತು. ಕೊಡದ ಸಾಲನ್ನು ಬೀ ಕೈಗೆ ಒಪ್ಪಿಸಿ, ಮಗಳ ಸೀರೆ ಉಟ್ಟು ಹೊರಟೆ.

“ವಾ ಖಾಲಾ! ನಿಖಾಕ್ಕ ಹೊಂಟಂಗ ಹೊಂಟೀ. ಮುದುಕ ಯಾರು?”

“ಕರ್ರಗ ಅದಾನ. ಬಾಯಾಗ ಬೀಡಿ ಅದ. ನೀ ಬರ್ತೀ?”

ಸ್ಟೇಷನ್ನಿನಲ್ಲಿ ಜಾತ್ರೆಯಷ್ಟು ಜನ. ಇಂಜಿನ್ ಹಳೆಯದಕ್ಕಿಂತ ಚೆಂದ ಕಾಣುತ್ತಿತ್ತು. ನಮ್ಮ ಕಾಲದಲ್ಲಿ ಅದಕ್ಕೆ ಯಾರೂ ಎಣ್ಣೆ ತಿಕ್ಕಿ ಹೊಳಪು ಕೊಟ್ಟಿರಲಿಲ್ಲ. ಒಬ್ಬ ದಪ್ಪ ಮನುಷ್ಯ ಕಣ್ಣು ಮುಚ್ಚಿ ಹೊಗೆ ಮೂಸುತ್ತಿದ್ದ. ಇನ್ನೊಬ್ಬ ಒಳ್ಳೆಯ ಬಟ್ಟೆಯಲ್ಲೇ ನೆಲಕ್ಕೆ ಬೋರಲು ಬಿದ್ದು ಗಾಲಿಯ ಫೋಟೋ ಹಿಡಿಯುತ್ತಿದ್ದ. ಒಬ್ಬ ಎಮ್ಮೆಯ ಮೈ ಸವರಿದಂತೆ ಅದನ್ನು ಸವರುತ್ತಿದ್ದ. ಮಾಸ್ತರರು ಅಳುತ್ತಲೇ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, “ಇವರು ಆ ಕಾಲದೊಳಗ ಇದರೊಳಗೇ ಹೋದವರು” ಎಂದು ಎಲ್ಲರಿಗೂ ತೋರಿಸಿದರು. ಬಂದವರು ನನ್ನ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ನಾನೂ ನಿಂತೆ. ಖುಷಿಯಾಗಿರಲಿಲ್ಲ ಎಂದರೆ ಸುಳ್ಳು.

ಡಬ್ಬಿಯಲ್ಲಿ ಕಿಟಕಿಯ ಬದಿಗೆ ಕೂರಿಸಿದರು. ಹೊತ್ತಾದರೂ ರೈಲು ಹೊರಡಲಿಲ್ಲ. ಪಕ್ಕದವರು “ನೀರು ತುಂಬಿಸ್ಲಕತ್ತಾರಂತ” ಎಂದರು. ಬಗ್ಗಿ ನೋಡಿದೆ. ಇಂಜಿನ್ನಿನ ಮಗ್ಗುಲಿಗೆ ಒಂದು ಟ್ಯಾಂಕರ್ ನಿಂತಿತ್ತು. ಅದರ ಹಿಂದೆ ಗಿಳಿಯ ಚಿತ್ರ. ಗಿಳಿಯ ಮುಖದ ಬಣ್ಣ ಕಿತ್ತುಹೋಗಿ ಕೊಕ್ಕು ಮಾತ್ರ ಉಳಿದಿದೆ. ವಾರವಾರ ನಾನು ನೋಡುವ ಗಿಳಿ ಅದು.

ಇಳಿದು ಓಡಿದೆ. ನನ್ನ ಮೊಣಕಾಲಿಗೆ ಓಡುವುದು ಎಂದರೆ ಎಷ್ಟೋ ಅಷ್ಟು.

ಟ್ಯಾಂಕರಿನವನು ಕಮಲನಗರದ ಕಡೆಯವನು, ಮರಾಠಿ ಬೆರೆಸಿ ಮಾತಾಡುವವನು. ನನ್ನನ್ನು ನೋಡಿ ಕೈ ಮುಗಿದ. “ಕಾಯ ಆಯಿ, ಹಾರ ಗೀರ! ಝಕಾಸ್!”

“ನಮ್ಮ ಓಣಿದು ಇಲ್ಲ್ಯಾಕ ತಂದೀ?”

“ನೀವೇ ಪಾಳಿ ಬಿಟ್ಟುಕೊಟ್ಟೀರಂತಲ್ರಿ? ಮದ್ವಿಗಿ ಕೊಟ್ಟಂಗ ಇದಕ್ಕೂ ಕೊಡು ಅಂತ ಆಯಿ ಹೇಳ್ಯಾರ ಅಂತ ಮಾಸ್ತರ ಅಂದ್ರು. ಆಯಿ ಮಾತು ಅಂದ ಮ್ಯಾಲ ನಾ ಯಾಕ ಕೇಳ್ಲಿ?”

ಮಾಸ್ತರರು ಅಲ್ಲೇ ಇದ್ದರು. ಮುಖದ ಮೇಲೆ ಮಸಿ, ಅದರ ಮೇಲೆ ಕಣ್ಣೀರಿನ ಗೆರೆ.

“ನಾ ಯಾವಾಗ ಹೇಳ್ದೆ?”

“ಆಯಿ, ಬರಬೇಕಾದ ಟ್ಯಾಂಕರ್ ಕೈ ಕೊಟ್ಟಿತ್ರಿ. ಬೆಂಕಿ ಹಚ್ಚಿ ಆಗಿತ್ತು. ನೀರಿಲ್ಲಂದ್ರ ಎಲ್ಲಾ ನಿಂತು ಹೋಗ್ತಿತ್ತು. ಇಷ್ಟು ಮಂದಿ ಬಂದಾರ. ನೀವು ಬ್ಯಾಡ ಅನ್ನಂಗಿಲ್ಲ ಅಂತ ತಿಳಕೊಂಡೆ.”

“ಕೇಳಿದ್ರ ಬ್ಯಾಡ ಅಂತಿದ್ದೆ. ಅದಕ್ಕೇ ನೀವು ಕೇಳ್ಲಿಲ್ಲ.”

“ಒಂದು ದಿನದ ಮಾತ್ರಿ. ಓಣಿಗಿ ಮತ್ತೊಂದು ತರಸ್ತೇನಿ. ಈ ಇಂಜಿನ್ ಮತ್ತ ಬೀದರಕ ಬರ್ತದೋ ಇಲ್ಲೋ...”

“ಉಳದ ನೀರರ ಬಿಡ್ರಿ. ಪೈಪ್ ತೆಗಿ” ಎಂದು ಟ್ಯಾಂಕರಿನವನಿಗೆ ಹೇಳಿದೆ.

ಅವನು ನನ್ನ ಮುಖ ನೋಡಿದ, ಮಾಸ್ತರರ ಮುಖ ನೋಡಿದ. ಟ್ಯಾಂಕರಿಗೆ ಕಿವಿ ಹಚ್ಚಿ ಬಡಿದ. ಖಾಲಿ ಡಬ್ಬದ ಸದ್ದು ಬಂತು. “ಮುಗೀತ್ರಿ ಆಯಿ” ಎಂದ.

ಸೀಟಿ ಹೊಡೆಯಿತು. ಮಾಸ್ತರರು, “ಆಮ್ಯಾಲ ಮಾತಾಡೋಣ, ಹತ್ರಿ, ಹತ್ರಿ ಆಯಿ” ಎಂದು ನನ್ನ ಕೈ ಹಿಡಿದರು. ಬಿಡಿಸಿಕೊಂಡೆ. ಅವರು ಓಡಿ ಹೋಗಿ ಹತ್ತಿಕೊಂಡರು. ಓಡಿದ್ದು ನೋಡಿದರೆ ಹದಿನೆಂಟರ ಹುಡುಗನಂತೆ ಓಡಿದರು.

ನಾನು ಓಣಿಗೆ ಬರುವಾಗ ನಮ್ಮವರೆಲ್ಲ ಗೋಡೆಯ ಮೇಲೆ ಹತ್ತಿದ್ದರು. ಹೆಂಗಸರು, ಕೂಸುಗಳು, ಬೀ ಕೂಡ. ರೈಲು ಎದುರಿಗೇ ಹೋಗುತ್ತಿತ್ತು, ಇವರು ಕೈ ಬೀಸಿ ಕೂಗುತ್ತಿದ್ದರು. ಹೊಗೆ ಕೆಳಗಿಳಿದು ಖಾಲಿ ಕೊಡಗಳ ಸಾಲನ್ನು ಮುಚ್ಚಿತು.

“ಖಾಲಾ! ನೀ ಅದರಾಗ ಇಲ್ಲ? ನಾ ನಿನಗಂತ ಕೈ ಬೀಸ್ದೆ!”

“ಇಳೀರಿ ಕೆಳಗ. ನಿಮ್ಮ ನೀರು ಅದರ ಹೊಟ್ಟ್ಯಾಗ ಹೊಂಟದ.”

ನಡೆದದ್ದನ್ನು ಹೇಳಿದೆ. ಆಮೇಲೆ ಬೀ ನನ್ನ ಕೊರಳು ನೋಡಿದಳು. ಹಾರ ತೆಗೆಯುವುದು ಮರೆತಿತ್ತು.

“ನೀರು ಕೊಟ್ಟು ಹಾರ ಹಾಕ್ಕೊಂಡು ಬಂದಿ” ಎಂದಳು. ಬೈದು ಹೇಳಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು.

ಊರ ಹೊರಗಿನ ಕೊಳಾರದ ಕಾರ್ಖಾನೆಗೆ ಹೋಗುವವನ ಹೆಂಡತಿ, ಎಳೆಯ ಬಾಣಂತಿ, ಕೂಸನ್ನು ಎದೆಗೆ ಹಾಕಿಕೊಂಡು ನಿಂತಿದ್ದಳು. “ಆಯಿಗಿ ಫೋಟೋದಾಗ ಬರೋದು ಬೇಕಾಗಿತ್ತು. ನಮ್ಮ ಕೂಸಿನ ಬಟ್ಟಿ ಯಾರು ತೊಳೀತಾರ ಈಗ?” ಎಂದಳು. ಆ ವಾರ ಹೆಂಗಸರು ಹಳಿ ದಾಟಿ, ಎಲ್ಲೆಲ್ಲಿಂದಲೋ ಹೊತ್ತು ತಂದರು. ನನ್ನ ಮಾತನ್ನು ನಂಬದವರು ಇರಲಿಲ್ಲವೇನೋ. ಆದರೆ ಟ್ಯಾಂಕರಿನವನು ಊರೆಲ್ಲ ಹೇಳಿದ್ದು ಒಂದೇ: ಆಯಿ ಬಿಟ್ಟುಕೊಟ್ಟಳು. ಅವನಿಗೂ ತನ್ನ ತಲೆ ಉಳಿಯಬೇಕಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಮಾಸ್ತರರು ಓಣಿಗೆ ಬಂದು, ಎಲ್ಲರೆದುರು ತಮ್ಮ ಬಾಯಿಂದ “ಆಯಿ ಬಿಟ್ಟುಕೊಟ್ಟಿಲ್ಲ, ನಾನು ಸುಳ್ಳು ಹೇಳಿದೆ” ಎನ್ನಬೇಕು. ಮಗಳ ಫೋನಿನಿಂದ ಹಾಗೇ ಹೇಳಿ ಕಳಿಸಿದೆ.

ಬಂದರು. ಕೈಯಲ್ಲಿ ಚೌಕಟ್ಟು ಹಾಕಿದ ಫೋಟೋ, ಇಂಜಿನ್ನಿನ ಮುಂದೆ ಹಾರ ಹಾಕಿಕೊಂಡ ನಾನು. ನಾನು ಅದನ್ನು ಮುಟ್ಟಲಿಲ್ಲ. ಓಣಿಯನ್ನು ಕರೆದೆ. ಎಲ್ಲರೂ ಬಾಗಿಲಿಗೆ ಬಂದರು.

“ಹೇಳ್ರಿ ಈಗ.”

ಮಾಸ್ತರರು ಗಂಟಲು ಸರಿಮಾಡಿಕೊಂಡರು. “ನೋಡ್ರಿ, ಅವತ್ತು ಒಂದು ತಪ್ಪು ತಿಳುವಳಿಕೆ ಆಯಿತು. ಆಯಿಯವರ ಸಹಕಾರ ನಮ್ಮ ಬಳಗ ಎಂದಿಗೂ ಮರೆಯುವುದಿಲ್ಲ...”

“ಪುಸ್ತಕದ ಮಾತು ಬ್ಯಾಡ. ನಾ ಕೊಟ್ಟೆನೋ ಇಲ್ಲೋ?”

ಅವರು ಬಾಯಿ ತೆರೆದರು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಹಾರ್ನ್ ಕೇಳಿತು. ಗಿಳಿಯ ಟ್ಯಾಂಕರ್. ಮಾಸ್ತರರೇ ತರಿಸಿದ್ದು. ಹೇಳಿದ ಮಾತು ಅಷ್ಟರಮಟ್ಟಿಗೆ ಉಳಿಸಿಕೊಂಡರು ಎನ್ನಬೇಕು. ಹೆಂಗಸರು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಟ್ಯಾಂಕರಿನ ಕಡೆ. ಬಾಣಂತಿ ಮೊದಲು ಓಡಿದಳು. ಆಮೇಲೆ ಎಲ್ಲರೂ. ಸಾಲಿಲ್ಲ, ಪಾಳಿಯಿಲ್ಲ, ಕೊಡಕ್ಕೆ ಕೊಡ ಬಡಿಯುವ ಸದ್ದು ಮಾತ್ರ. ಯಾರೋ ಕೂಗಿದರು: “ಆಯಿ, ಪಾಳಿ ಹಚ್ಚು ಬಾ!”

“ನೀವೇ ಹಚ್ಚಿಕೊಳ್ರಿ.”

ತಿರುಗಿ ನೋಡಿದಾಗ ಮಾಸ್ತರರು ಇರಲಿಲ್ಲ. ಫೋಟೋ ಕಟ್ಟೆಯ ಮೇಲಿತ್ತು. ನಾನೂ ಕೊಡ ತೆಗೆದುಕೊಂಡು ಹೋಗಿ ಎಲ್ಲರ ಹಾಗೆ ನುಗ್ಗಿ ತುಂಬಿಸಿಕೊಂಡೆ. ಬಾಯಾರಿದವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿಲ್ಲ ಎಂದರೆ ನೋವಿಲ್ಲ ಎಂದಲ್ಲ.

ಮಳೆ ಬರುವ ಮೊದಲು ಓಣಿಯಲ್ಲಿ ಒಂದು ಸಾವಾಯಿತು. ಹೆಣ ತೊಳೆಯಲು ನೀರು ಬೇಕು, ಟ್ಯಾಂಕರ್ ತಿರುಗಿಸಬೇಕು. ಆ ಮನೆಯವರು ನನ್ನ ಬಾಗಿಲು ದಾಟಿ ಎದುರಿನ ಬೀ ಮನೆಗೆ ಹೋಗಿ ಕೇಳಿದರು. ಬೀ ಹೊಲಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತೆ. ಸ್ವಲ್ಪ ಹೊತ್ತಿಗೆ ಅವಳು ಫೋನಿನಲ್ಲಿ ಟ್ಯಾಂಕರಿನವನಿಗೆ ಹೇಳುವುದು ಕೇಳಿಸಿತು. ಅವನು ಅವಳನ್ನು ಮತ್ತೆ ಮತ್ತೆ ಕೇಳುತ್ತಿದ್ದನೇನೋ. “ಹೌದಪ್ಪಾ, ಓಣಿ ಒಪ್ಪ್ಯಾದ, ನಾ ಖುದ್ದು ಹೇಳ್ಲಕತ್ತೀನಿ” ಎಂದು ಅವಳು ಎಷ್ಟೋ ಸಲ ಹೇಳಬೇಕಾಯಿತು.