ಎಡಗೆನ್ನೆಯ ಪರೀಕ್ಷೆ

ಮಗಳು ಹುಟ್ಟಿದ ವರ್ಷ ನನ್ನ ಎರಡೂ ಕೆನ್ನೆಗಳ ಮೇಲೆ ಕಂದುಬಣ್ಣದ ಬಂಗು ಬಂತು. ಬಾಡಿಗೆದಾರನ ಹಾಗೆ ಬಂದು ಮನೆ ಮಾಲೀಕನ ಹಾಗೆ ಕೂತುಬಿಟ್ಟಿತು. ಮೈಸೂರಿನಲ್ಲಿದ್ದಾಗ ಗಂಧ ತೇಯ್ದು ಹಚ್ಚಿದೆ, ಜಾಯಿಕಾಯಿ ತೇಯ್ದು ಹಚ್ಚಿದೆ, ಹಾಲಿನ ಕೆನೆ, ಕಡಲೆಹಿಟ್ಟು, ಯಾರು ಏನು ಹೇಳಿದರೂ ಹಚ್ಚಿದೆ. ಅಡುಗೆಮನೆಯ ಅರ್ಧ ಸಾಮಾನು ನನ್ನ ಮುಖಕ್ಕೇ ಖರ್ಚಾಯಿತು. ಬಂಗು ಜಪ್ಪಯ್ಯ ಅಂದರೂ ಕದಲಲಿಲ್ಲ.

ಆಮೇಲೆ ಇವರಿಗೆ, ಅಂದರೆ ನನ್ನ ಗಂಡನಿಗೆ, ನೈರೋಬಿಯಲ್ಲಿ ನಮ್ಮ ಕಡೆಯವರೇ ನಡೆಸುತ್ತಿದ್ದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಕಿಲೆಲೆಶ್ವಾ ಬಡಾವಣೆಯ ಒಂದು ಫ್ಲ್ಯಾಟಿಗೆ ಬಂದೆವು. ಮಾತ್ರೆಗಳು ಸರಿಯಾಗಿವೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಇವರ ಕೆಲಸ. ಆ ಅಭ್ಯಾಸ ಸಂಜೆ ಬ್ಯಾಗಿನ ಜೊತೆ ಮನೆಗೂ ಬರುತ್ತಿತ್ತು. ಸಾರಿಗೆ ಉಪ್ಪು ಸರಿಯಿದೆಯಾ ಎಂದು ಕೇಳಿದರೆ, "ನಿನ್ನೆಯ ಸಾರು ಸ್ವಲ್ಪ ಎತ್ತಿಟ್ಟಿದ್ರೆ ಹೋಲಿಸಿ ಹೇಳಬಹುದಿತ್ತು" ಎನ್ನುವ ಮನುಷ್ಯ. ಇಂಥವರ ಜೊತೆ ಸಂಸಾರ ಮಾಡಲು ತಾಳ್ಮೆ ಬೇಕು. ನನಗೆ ಅದು ಕಡಿಮೆ.

ಬಂಗಿಗೆಂದು ಮುಖಕ್ಕೆ ಹಚ್ಚುವ ಸೀರಮ್ಮಿನ ಬಾಟಲಿ ತಂದುಕೊಟ್ಟವರು ಎದುರು ಫ್ಲ್ಯಾಟಿನ ಮಂಗಳೂರಿನ ಗೆಳತಿ. ಅವರ ತಂಗಿ ದುಬೈಯಲ್ಲಿದ್ದಳು, ಅಲ್ಲಿಂದ ಕಳಿಸಿದ್ದಳಂತೆ. ಹೆಬ್ಬೆರಳಿನಷ್ಟು ಉದ್ದದ ಗಾಜಿನ ಬಾಟಲಿ, ಒಳಗೆ ನೀರಿನಷ್ಟು ತಿಳಿಯಾದ ದ್ರವ.

"ವಿಟಮಿನ್ ಸಿ ಇದು. ಅಲ್ಲಿ ಎಲ್ಲರೂ ಇದನ್ನೇ ಹಚ್ಚುವುದು ಮಾರಾಯ್ರೆ. ಮೇಲಿನಿಂದ ಬಿಸಿಲಿನ ಕ್ರೀಮ್ ಹಚ್ಚಲೇಬೇಕು, ಮರೀಬೇಡಿ. ಹೋಗದಿದ್ರೆ ನನ್ನನ್ನು ಕೇಳಿ" ಎಂದರು.

ನಾನು ಅವತ್ತೇ ಮುಖಪೂರ್ತಿ ಬಳಿದುಕೊಳ್ಳಲು ಕೂತಿದ್ದೆ. ಇವರು ಬಾಟಲಿ ಕಿತ್ತುಕೊಂಡರು.

"ಎರಡೂ ಕಡೆ ಹಚ್ಚಿದ್ರೆ ಕೆಲಸ ಮಾಡಿತೋ ಇಲ್ವೋ ಹೇಗೆ ಗೊತ್ತಾಗುತ್ತೆ? ಎಡಗಡೆ ಮಾತ್ರ ಹಚ್ಚು. ಬಲಗಡೆಗೆ ಏನೂ ಬೇಡ. ಕ್ರೀಮೂ ಬೇಡ. ಅದು ಹೋಲಿಸಿ ನೋಡೋಕೆ, ನಮ್ಮ ಕಂಟ್ರೋಲ್."

"ರೀ, ನನ್ನ ಕೆನ್ನೆ ನಿಮ್ಮ ಕಂಟ್ರೋಲಾ?"

"ಸ್ವಲ್ಪ ದಿನ ಅಷ್ಟೇ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಬೈದುಕೊಂಡೇ ಒಪ್ಪಿ, ಎಡಗೆನ್ನೆಗೆ ಮಾತ್ರ ಸೀರಮ್ಮು, ಅದರ ಮೇಲೆ ಕ್ರೀಮು ಹಚ್ಚತೊಡಗಿದೆ. ಪ್ರತಿ ಭಾನುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಅದೇ ಕುರ್ಚಿಯಲ್ಲಿ ಕೂರಿಸಿ, ಹೊಸದಾಗಿ ಕೊಂಡಿದ್ದ ಡಿಜಿಟಲ್ ಕ್ಯಾಮೆರಾದಲ್ಲಿ ಎಡ, ಬಲ, ಎದುರು ಎಂದು ಫೋಟೋ ತೆಗೆಯುತ್ತಿದ್ದರು. ಮದುವೆಯಲ್ಲೂ ಇಷ್ಟು ಗಮನ ಕೊಟ್ಟು ನನ್ನ ಮುಖ ನೋಡಿರಲಿಲ್ಲ. ಗೇಟಿನ ಅಸ್ಕರಿ ಕೆಳಗಿನಿಂದ ಕತ್ತೆತ್ತಿ ನೋಡಿ ನಗುತ್ತಿದ್ದ. ನಮ್ಮ ಕಾಂಪೌಂಡು ಕಾಯುವವನಿಗೆ ನಾವೇ ಮನರಂಜನೆ.

ನಾನು ಕಾರು ಓಡಿಸಲು ಕಲಿತದ್ದೂ ಅದೇ ದಿನಗಳಲ್ಲಿ. ಮಗಳ ಶಾಲೆ ಲ್ಯಾವಿಂಗ್ಟನ್‌ನಲ್ಲಿತ್ತು, ಅವಳು ಬರುತ್ತಿದ್ದ ವ್ಯಾನ್ ನಿಂತುಹೋಗಿತ್ತು. ನಮ್ಮದು ಏಸಿ ಕೆಟ್ಟ ಹಳೇ ಕಾರು. ಊರು ತಂಪು, ಬೆವರೇ ಬರುವುದಿಲ್ಲ, ಹಾಗಾಗಿ ಬಿಸಿಲಿದೆ ಎಂಬುದೇ ಮರೆತುಹೋಗುತ್ತದೆ. ಒಳರಸ್ತೆಗಳಲ್ಲಿ ಕಿಟಕಿ ಇಳಿಸಿ, ಬಲಮೊಣಕೈಯನ್ನು ಹೊರಗೆ ಚಾಚಿ, ಜಗತ್ತು ಗೆದ್ದವಳ ಹಾಗೆ ಹೋಗುತ್ತಿದ್ದೆ. ಹಿಂದಿನಿಂದ ಮಟಾಟು ಮಿನಿಬಸ್ಸು ಹಾರ್ನ್ ಹೊಡೆದರೆ ಮಗಳು, "ಅಮ್ಮಾ, ಗೋ ಫಾಸ್ಟರ್, ಪ್ಲೀಸ್" ಎಂದು ಸೀಟಿನಲ್ಲಿ ಕುಗ್ಗಿ ಕೂರುತ್ತಿದ್ದಳು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಕೇಳುವ ಹುಡುಗಿ.

ಬಾಟಲಿಯನ್ನು ಬಚ್ಚಲಮನೆಯ ಕಿಟಕಿಯ ಮೇಲೆ ಇಟ್ಟಿದ್ದೆ. ಬರಬರುತ್ತಾ ಒಳಗಿನ ನೀರು ಜೇನಿನ ಬಣ್ಣಕ್ಕೆ ತಿರುಗಿತು, ಆಮೇಲೆ ಚಹಾ ಡಿಕಾಕ್ಷನ್ ಆಯಿತು. ಬೇರೆ ಯಾರೇ ಆಗಿದ್ದರೂ ಅನುಮಾನ ಪಡುತ್ತಿದ್ದರೇನೋ. ನನಗೆ ಮಾತ್ರ ಸಂತೋಷವಾಯಿತು. ಯಾಕೆಂದರೆ ನಮ್ಮ ಮನೆಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಹಳತಾಗಿ ಕಪ್ಪಾದಷ್ಟೂ ಬೆಲೆ ಜಾಸ್ತಿ. ಹೊಟ್ಟೆ ಕೆಟ್ಟರೆ, ಬಾಯಿ ರುಚಿ ಹೋದರೆ, ಜ್ವರ ಬಿಟ್ಟ ಮರುದಿನ, ಆ ಕರೀ ಹೋಳೇ ಔಷಧಿ. ನನ್ನ ಸೋದರತ್ತೆ ಹಾಕಿದ ಅಂಥ ಉಪ್ಪಿನಕಾಯಿಯ ಒಂದು ಜಾಡಿ ನೈರೋಬಿಗೂ ಬಂದಿತ್ತು. ನಿಂಬೆಯಲ್ಲಿರುವುದೂ ವಿಟಮಿನ್ ಸಿ, ಬಾಟಲಿಯಲ್ಲಿರುವುದೂ ವಿಟಮಿನ್ ಸಿ. ಕಳಿತು ಪಕ್ವವಾಗುತ್ತಿದೆ ಎಂದುಕೊಂಡು ಇನ್ನೂ ಎರಡು ತೊಟ್ಟು ಜಾಸ್ತಿ ಹಚ್ಚತೊಡಗಿದೆ.

ಮತ್ತೆ ಕೆಲಸವೂ ಮಾಡುತ್ತಿತ್ತಲ್ಲ! ಎಡಗೆನ್ನೆ ತಿಳಿಯಾಗುತ್ತಾ ಬಂತು. ಬಲಗೆನ್ನೆ ಇದ್ದಲ್ಲೇ ಇತ್ತು, ಇನ್ನೂ ಸ್ವಲ್ಪ ಕಪ್ಪಾಗಿತ್ತು ಅಂದರೂ ಸರಿ. ಇವರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು, "ನೋಡಿದ್ಯಾ, ಕಂಟ್ರೋಲ್ ಇದ್ದಿದ್ದಕ್ಕೆ ಗೊತ್ತಾಯ್ತು" ಎಂದು ಬೀಗಿದರು. ಮೊದಲ ಸಲ ಇವರ ಪರೀಕ್ಷೆಯೊಂದು ನನಗೆ ಇಷ್ಟವಾಯಿತು.

ಆಗ ಲ್ಯಾವಿಂಗ್ಟನ್‌ನ ಒಂದು ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಕನ್ನಡದ ಹೆಂಗಸರು ಎಲ್ಲ ಸೇರಿದ್ದೆವು. ಮನೆಯಾಕೆ ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಅರಿಶಿನ ಹಚ್ಚುತ್ತಾ ಬಂದರು. ನನ್ನ ಬಲಗೆನ್ನೆಗೆ ಹಚ್ಚಿದರು. ಎಡಗೆನ್ನೆಯ ಹತ್ತಿರ ಬೆರಳು ತಂದವರು ನಿಲ್ಲಿಸಿದರು.

"ಏನ್ರೀ, ಈ ಕಡೆ ಹೀಗೆ ಬಿಳಿಚ್ಕೊಂಡಿದೆ? ಮಚ್ಚೆ ಮಚ್ಚೆ ಥರ? ಯಾರಿಗಾದ್ರೂ ತೋರಿಸಿದ್ರಾ?"

ಆಕೆ ಕೆಟ್ಟವರಲ್ಲ. ಮೆಲ್ಲಗೇ ಕೇಳಿದರು. ಆಮೇಲೆ ಹಚ್ಚಿಯೂ ಹಚ್ಚಿದರು. ಆದರೆ ಆ ಬೆರಳು ನಿಂತ ಒಂದು ಕ್ಷಣದಲ್ಲಿ ನನಗೆ ಸೋದರತ್ತೆಯ ಮುಖ ಕಣ್ಮುಂದೆ ಬಂತು.

ಉಪ್ಪಿನಕಾಯಿ ಹಾಕಿಕೊಟ್ಟ ನನ್ನ ಸೋದರತ್ತೆಗೆ ತೊನ್ನು. ಹದಿಹರೆಯದಲ್ಲಿ ಬಾಯಿಯ ಪಕ್ಕದಲ್ಲಿ ಶುರುವಾಗಿ ಕೆನ್ನೆಗೆ, ಕತ್ತಿಗೆ ಹರಡಿತ್ತು. ಮದುವೆಯಾಗಲಿಲ್ಲ. ಶಾಲೆಯಲ್ಲಿ ಟೀಚರಾಗಿ ನಮ್ಮ ಮನೆಯಲ್ಲೇ ಉಳಿದಳು. ನನಗೆ ಜಡೆ ಹಾಕಿದವಳು, ಮಗ್ಗಿ ಕಲಿಸಿದವಳು, ಮೊದಲ ಸಲ ಸೀರೆ ಉಡಿಸಿದವಳು ಅವಳೇ. ಆದರೆ ಮನೆಗೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರೆ ಅತ್ತೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಕೋಸಂಬರಿ ಬಟ್ಟಲಿಗೆ ಹಾಕಿಡುವುದು, ಪಾನಕ ಬೆರೆಸುವುದು, ಏನಾದರೊಂದು ಕೆಲಸ. ಹೋಗು ಅಂತ ಯಾರೂ ಹೇಳುತ್ತಿರಲಿಲ್ಲ. ಬಾ ಅಂತಲೂ ಯಾರೂ ಕರೆಯುತ್ತಿರಲಿಲ್ಲ. ನನಗೆ ಅತ್ತೆಯೆಂದರೆ ಪ್ರಾಣ. ಅತ್ತೆಯ ಹಾಗೆ ಆಗುವುದೆಂದರೆ ಪ್ರಾಣಭಯ. ಚಿಕ್ಕವಳಿದ್ದಾಗ ಮೊಣಕಾಲು ತರಚಿ ಗಾಯ ಮಾಯ್ದ ಜಾಗ ಬೆಳ್ಳಗೆ ಕಂಡರೂ ಬಾಗಿಲು ಹಾಕಿಕೊಂಡು ನೋಡಿಕೊಳ್ಳುತ್ತಿದ್ದೆ.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಹೌದು, ಎಡಗೆನ್ನೆಯ ಮೇಲೆ ಅಲ್ಲಲ್ಲಿ ಬೆಳ್ಳನೆಯ ಜಾಗ. ನಿನ್ನೆಯವರೆಗೆ ಗುಣವಾಗುತ್ತಿರುವ ಗುರುತು ಎಂದು ಖುಷಿಪಟ್ಟಿದ್ದೂ ಇದನ್ನೇ. ಮಗಳು ಹಿಂದೆ ಬಂದು ನಿಂತು, "ವಾಟ್ ಹ್ಯಾಪನ್ಡ್, ಅಮ್ಮಾ?" ಎಂದಳು. ಅವಳ ಕೆನ್ನೆಯನ್ನೂ ಬೆಳಕಿಗೆ ತಿರುಗಿಸಿ ನೋಡಿದೆ. ನನಗೇನಾದರೂ ಆಗಲಿ, ನನ್ನಿಂದ ಇವಳಿಗೆ ಬಂದರೆ? ನಾಳೆ ಇವಳೂ ಯಾವುದಾದರೊಂದು ಅಡುಗೆಮನೆ ಹುಡುಕಿಕೊಂಡು ಹೋಗಬೇಕಾ?

ಇವರು ಬಂದ ಕೂಡಲೇ ಬಾಟಲಿ ಮುಂದೆ ಕುಕ್ಕಿದೆ. "ನಿಮ್ಮ ಪರೀಕ್ಷೆಗೆ ಬೆಂಕಿ ಹಾಕ. ಇದರಲ್ಲಿ ಏನಿದೆ ಅಂತ ಮೊದಲು ಹೇಳಿ."

ಇವರಿಗೆ ಬಾಟಲಿಯ ಬಣ್ಣ ನೋಡಿಯೇ ಹುಬ್ಬು ಮೇಲೇರಿತು. ಅನ್ನದ ಗಂಜಿಯ ತಿಳಿಯನ್ನು ಎರಡು ಗಾಜಿನ ಲೋಟಕ್ಕೆ ಬಸಿದು, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದೊಂದು ತೊಟ್ಟು ಬಿಟ್ಟರು. ಎರಡೂ ಕಡುನೀಲಿಯಾದವು. ಒಂದಕ್ಕೆ ನಿಂಬೆಹಣ್ಣು ಹಿಂಡಿದರು. ನೀಲಿ ಮಾಯವಾಗಿ ಗಂಜಿ ಮೊದಲಿನ ಹಾಗೆ ಬೆಳ್ಳಗಾಯಿತು. "ವಿಟಮಿನ್ ಸಿ ಇದ್ರೆ ಬಣ್ಣ ಹೀಗೆ ಹೋಗ್ಬೇಕು" ಎಂದರು. ಇನ್ನೊಂದಕ್ಕೆ ನಮ್ಮ ದುಬೈ ಸೀರಮ್ ಸುರಿದರು. ನೀಲಿ ಅಲ್ಲಾಡಲಿಲ್ಲ. ಉಳಿದದ್ದನ್ನೂ ಹಾಕಿ ಚಮಚದಲ್ಲಿ ಕದಡಿದರು. ನೀಲಿ ನೀಲಿಯಾಗಿಯೇ ಇತ್ತು.

"ಸತ್ತುಹೋಗಿದೆ. ಬೆಳಕಿಗೆ, ಗಾಳಿಗೆ ಕೆಟ್ಟಿದೆ. ಕಿಟಕಿ ಮೇಲೆ ಯಾಕಿಟ್ಟೆ? ಇಷ್ಟು ದಿನ ನೀನು ಹಚ್ಚಿದ್ದು ಬಣ್ಣದ ನೀರು. ಇದರಿಂದ ಏನೂ ಆಗೋಕೆ ಸಾಧ್ಯವಿಲ್ಲ."

ಸಮಾಧಾನವಾಗಲಿ ಎಂದು ಹೇಳಿದರು ಪಾಪ. ಆದರೆ ನನ್ನ ಭಯ ಇಮ್ಮಡಿಯಾಯಿತು. ಸೀರಮ್ಮಿನಿಂದ ಏನೂ ಆಗಿಲ್ಲವಾದರೆ ಕೆನ್ನೆ ಬೆಳ್ಳಗಾದದ್ದು ಯಾತರಿಂದ? ಉತ್ತರ ನನಗೆ ಗೊತ್ತಿತ್ತು. ಇವರಿಗೂ ಗೊತ್ತಾಯಿತೆಂದು ಕಾಣುತ್ತದೆ, ಮುಖ ಸಪ್ಪಗಾಯಿತು. ಲೋಟ ತೊಳೆಯುವ ನೆಪದಲ್ಲಿ ಸಿಂಕಿನ ಕಡೆ ತಿರುಗಿಕೊಂಡರು.

ಒಂದು ವಾರ ಕಾದ ಮೇಲೆ ಸಿಕ್ಕ ಚರ್ಮದ ಡಾಕ್ಟರು ನ್ಗಾರಾ ಪೇಟೆಯಲ್ಲಿದ್ದರು. ಪಾತ್ರೆ, ಪ್ಲಾಸ್ಟಿಕ್ ಬಕೆಟ್ಟುಗಳ ಸಗಟು ಅಂಗಡಿಯ ಮೇಲಿನ ಮಹಡಿ. ವಯಸ್ಸಾದ ಗುಜರಾತಿ ಹೆಂಗಸು, ಹುಟ್ಟಿದ್ದೇ ನೈರೋಬಿಯಲ್ಲಿ. ನಮ್ಮ ಜೊತೆ ಹಿಂದಿಯಲ್ಲಿ ಮಾತಾಡಿದರು. ನಾನು ಅತ್ತೆಯ ವಿಷಯದಿಂದಲೇ ಶುರುಮಾಡಿ ಒಂದೇ ಉಸಿರಿನಲ್ಲಿ ಎಲ್ಲ ಒದರಿದೆ. ಅವರು ದೀಪ ಆರಿಸಿ, ನೇರಳೆ ಬೆಳಕಿನ ಒಂದು ಪುಟ್ಟ ದೀಪವನ್ನು ನನ್ನ ಕೆನ್ನೆಗೆ ಹಿಡಿದು ನೋಡಿದರು. ಮತ್ತೆ ದೀಪ ಹಾಕಿದರು.

"ಗಾಡಿ ನೀವೇ ಓಡಿಸ್ತೀರಾ?" ಎಂದು ಕೇಳಿದರು.

ನನಗೆ ರೇಗಿತು. ನಾನು ಸಾಯುತ್ತಿದ್ದರೆ ಇವರಿಗೆ ಗಾಡಿಯ ಚಿಂತೆ. ಹೌದು ಎಂದೆ.

"ಎರಡೂ ಕೈ ಮೇಜಿನ ಮೇಲಿಡಿ."

ಇಟ್ಟೆ. ಇಟ್ಟು ನಾನೇ ಬೆಚ್ಚಿದೆ. ಬಲಗೈ ಮೊಣಕೈವರೆಗೂ ಕಂದು ಬಣ್ಣಕ್ಕೆ ತಿರುಗಿತ್ತು. ಎಡಗೈ ತಿಳಿಯಾಗಿತ್ತು. ಇಬ್ಬರು ಬೇರೆ ಬೇರೆ ಹೆಂಗಸರು ಒಂದೊಂದು ಕೈ ಇಟ್ಟುಹೋದ ಹಾಗಿತ್ತು. ಕೈಗೆ ನಾನು ಯಾವ ಸೀರಮ್ಮನ್ನೂ ಹಚ್ಚಿರಲಿಲ್ಲ. ಡಾಕ್ಟರು ನನ್ನ ಕಮೀಜಿನ ತೋಳನ್ನು ಭುಜದವರೆಗೆ ಸರಿಸಿ, ಬಿಸಿಲೇ ಕಾಣದ ಆ ಜಾಗದ ಪಕ್ಕ ಕನ್ನಡಿ ಹಿಡಿದರು. ಭುಜದ ಬಣ್ಣವೂ ಎಡಗೆನ್ನೆಯ ಬಣ್ಣವೂ ಒಂದೇ.

"ಇದು ನಿಮ್ಮ ಬಣ್ಣ. ತೊನ್ನಾಗಿದ್ದರೆ ಆ ದೀಪದಲ್ಲಿ ಸುಣ್ಣದ ಹಾಗೆ ಹೊಳೆಯುತ್ತಿತ್ತು. ಎಡಗಡೆಗೆ ಬಿಸಿಲಿನ ಕ್ರೀಮ್ ಹಚ್ಚಿದ್ದೀರಿ, ಬಂಗು ಬಿಡುತ್ತಿದೆ. ಬಿಡುವಾಗ ಒಂದೇ ಸಮ ಬಿಡುವುದಿಲ್ಲ, ನಡುನಡುವೆ ಕಾಣುವುದು ನಿಮ್ಮ ಚರ್ಮವೇ. ಬಲಗಡೆ ಕ್ರೀಮೂ ಇಲ್ಲ, ಕಾರಿನ ಕಿಟಕಿ ಬೇರೆ. ಅದನ್ನು ಇದರ ಪಕ್ಕ ಇಟ್ಟು ನೋಡಿದರೆ ಇದು ಬೆಳ್ಳಗೆ ಕಾಣದೆ ಇನ್ನೇನು? ಒಂದೇ ಕೆನ್ನೆಗೆ ಹಚ್ಚಲು ಹೇಳಿದ ಜಾಣರು ಯಾರು?"

ಜಾಣರು ನನ್ನ ಪಕ್ಕದಲ್ಲೇ ಕೂತಿದ್ದರು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ನಾನು ನಗಲು ಹೋಗಿ ಅತ್ತುಬಿಟ್ಟೆ. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಡಾಕ್ಟರು ಹತ್ತಿ ಕೊಟ್ಟು, ಎರಡೂ ಕೆನ್ನೆ ಒರೆಸಿಕೊಳ್ಳಿ ಎಂದರು. ಮೆಟ್ಟಿಲಿಳಿದು ಬಕೆಟ್ಟುಗಳ ನಡುವೆ ನಿಂತಾಗ ಆ ಗದ್ದಲದ ಬೀದಿ ಹಬ್ಬದ ಹಾಗೆ ಕಂಡಿತು. ಬೇಕಿಲ್ಲದಿದ್ದರೂ ಒಂದು ಕೆಂಪು ಬಕೆಟ್ ಕೊಂಡೆ. ಇವರು ತುಟಿಪಿಟಕ್ ಎನ್ನದೆ ಹೊತ್ತುಕೊಂಡು ಬಂದರು.

ಮನೆಗೆ ಬಂದವಳೇ ಮೈಸೂರಿನ ತವರಿಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ. ಖುಷಿಯ ಭರದಲ್ಲಿ ಸೀರಮ್ಮು, ಗಂಜಿ, ಉಪ್ಪಿನಕಾಯಿಯ ಲೆಕ್ಕಾಚಾರ ಎಲ್ಲ ಹೇಳಿದೆ. ಅತ್ತೆ ಗೊಳ್ಳೆಂದು ನಗುತ್ತಿದ್ದಳು. ಅದೇ ಓಟದಲ್ಲಿ, "ಸದ್ಯ ಅತ್ತೆ, ತೊನ್ನಲ್ಲವಂತೆ. ನಾನು ಸತ್ತೇಹೋಗಿದ್ದೆ" ಎಂದುಬಿಟ್ಟೆ.

ಯಾರಿಗೆ ಹೇಳುತ್ತಿದ್ದೇನೆ ಎಂಬುದು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡೆ. ಆ ಕಡೆ ನಗು ನಿಂತಿತು.

"ಸದ್ಯ ಕಣೆ" ಎಂದಳು ಅತ್ತೆ. ದನಿಯಲ್ಲಿ ಮುನಿಸಿರಲಿಲ್ಲ. "ಬರದೇ ಇದ್ದಿದ್ದು ಒಳ್ಳೇದೇ ಆಯ್ತು. ಆದ್ರೆ ಬಂದಿದ್ರೂ ನೀನೇನು ಸಾಯ್ತಿದ್ದೆ? ನಾನಿಲ್ವಾ?"

ಡಾಕ್ಟರು ಇಳಿಸಿದ್ದು ಆ ಒಂದು ವಾರದ ಭಯ. ಮೊಣಕಾಲಿನ ಗಾಯ ನೋಡಿಕೊಳ್ಳುತ್ತಿದ್ದ ಹುಡುಗಿಯ ಭಯ ಇಳಿದದ್ದು ಈಗ.

"ಉಪ್ಪಿನಕಾಯಿ ಇದ್ಯಾ, ಮುಗೀತಾ?" ಎಂದು ಅತ್ತೆ ಕೇಳಿದಳು.

"ಮುಗೀತಾ ಬಂತು" ಎಂದೆ.

"ಬೇಸಿಗೆ ರಜಕ್ಕೆ ಬಾ, ಕೊಡ್ತೀನಿ. ಮುಖಕ್ಕೆ ಮಾತ್ರ ಹಚ್ಕೋಬೇಡ."

"ಬರ್ತೀನಿ. ಬಂದಾಗ ನಮ್ಮನೆಯಲ್ಲೇ ಅರಿಶಿನ ಕುಂಕುಮ ಇಟ್ಕೊಳ್ಳೋಣ ಅತ್ತೆ. ಕೋಸಂಬರಿ ನಾನು ಬಡಿಸ್ತೀನಿ. ನೀನು ಹೊರಗೆ ಕೂತ್ಕೋ."

ಹಾಗಾದರೆ ಯಾವ ಸೀರೆ ಉಟ್ಟುಕೊಳ್ಳಲಿ ಎಂದು ಅತ್ತೆ ಕೇಳಿದಳು.